ಅತ್ತೆ ಒಡೆದ ಪಾತ್ರೆ: ರಾಜಕೀಯ ಹಿಂಸೆಗೆ ಎರಡು ಅಳತೆಗೋಲು ಯಾಕೆ?

ಒಬ್ಬ ರಾಜಕಾರಣಿಯ ಮೇಲೆ ಗುಂಡು ಹಾರಿದೆ ಅನ್ನುವ ಸುದ್ದಿ ಬರುತ್ತದೆ. ಹಾರಿಸಿದ್ದು ಯಾರು ಅಂತ ಇನ್ನೂ ಗೊತ್ತಿಲ್ಲ. ಆ ಮೊದಲ ಒಂದು ಗಂಟೆ ಫೋನಿನಲ್ಲಿ ಏನು ಓಡಾಡುತ್ತದೆ ಅಂತ ಗಮನಿಸಿ. ಎಲ್ಲರೂ ಕೇಳುವುದು ಒಂದೇ: ಅವನು ಯಾವ ಕಡೆಯವನು? ಪೊಲೀಸರೂ ಇದನ್ನು ಕೇಳುತ್ತಾರೆ, ಅವರಿಗೆ ಆಸಾಮಿ ಸಿಗಬೇಕು. ಉಳಿದವರು ಕೇಳುವುದು ಬೇರೆ ಕಾರಣಕ್ಕೆ. ಎಷ್ಟು ಸಿಟ್ಟು ಮಾಡಿಕೊಳ್ಳಬೇಕು, ಯಾರ ಮೇಲೆ ಮಾಡಿಕೊಳ್ಳಬೇಕು, ಅಥವಾ ಸುಮ್ನೆ ಫೋನು ಕೆಳಗಿಟ್ಟು ನಾಳೆವರೆಗೆ ಕಾಯಬೇಕಾ ಅನ್ನುವುದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ.

2025ರಲ್ಲಿ ಅಮೆರಿಕ ಮೂರೇ ತಿಂಗಳ ಅಂತರದಲ್ಲಿ ಇದನ್ನು ಎರಡು ಸಲ ನೋಡಿತು. ಜೂನ್ 14ರಂದು ಮಿನ್ನೆಸೋಟ ರಾಜ್ಯದ ಡೆಮಾಕ್ರಟಿಕ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಮನೆಯಲ್ಲೇ ಕೊಲ್ಲಲಾಯಿತು. ಸೆಪ್ಟೆಂಬರ್ 10ರಂದು ಯೂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಜನರ ಜೊತೆ ಮಾತಾಡುತ್ತಿದ್ದ ಬಲಪಂಥೀಯ ನಾಯಕ ಚಾರ್ಲಿ ಕರ್ಕ್ ಗುಂಡೇಟಿಗೆ ಸತ್ತರು. ಮಿನ್ನೆಸೋಟದ ಕೊಲೆಯ ಬೆನ್ನಿಗೇ ಒಬ್ಬ ರಿಪಬ್ಲಿಕನ್ ಸೆನೆಟರ್ ಮಾರ್ಕ್ಸ್‌ವಾದಿಗಳನ್ನು ದೂರಿ ಪೋಸ್ಟ್ ಹಾಕಿದರು, ಟೀಕೆ ಜಾಸ್ತಿ ಆದಮೇಲೆ ತೆಗೆದರು. ಕರ್ಕ್ ಸತ್ತಾಗ ಎದುರು ಪಾಳಯದ ಕೆಲವರು ಖುಷಿಪಟ್ಟು ಬರೆದರು. ಆ ಸಾವಿನ ಬಗ್ಗೆ ಬರೆದ ಮಾತಿಗಾಗಿ ಹಲವರ ಕೆಲಸವೂ ಹೋಯಿತು. ಕೆಲಸದಿಂದ ಕಿತ್ತು ಹಾಕಿ ಅಂತ ಕೂಗಿದವರಲ್ಲಿ, ಆಡಿದ ಮಾತಿಗೆ ಕೆಲಸ ಕಿತ್ತುಕೊಳ್ಳುವುದು ಅನ್ಯಾಯ ಅಂತ ವರ್ಷಗಟ್ಟಲೆ ವಾದಿಸಿದ್ದವರೂ ಇದ್ದರು. ಮಾತಿಗೆ ಬೆಲೆ ತೆರಲೇಬೇಕು ಅನ್ನುತ್ತಿದ್ದ ಕೆಲವರು ಅದೇ ವಾರ ವಾಕ್ ಸ್ವಾತಂತ್ರ್ಯದ ಪರ ನಿಂತರು.

ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅನ್ನುವ ಗಾದೆ ನಮಗೆ ಗೊತ್ತೇ ಇದೆ. ಅದೇ ಪಾತ್ರೆ ಸೊಸೆಯ ಕೈಯಿಂದ ಬಿದ್ದಿದ್ದರೆ ಕಥೆ ಬೇರೆ. ಪಾತ್ರೆ ಒಂದೇ ಆದರೂ ಬೆಲೆ ಹೇಗೆ ಏರಿಳಿಯುತ್ತದೆ ಅಂತ ಒಂದೊಂದಾಗಿ ನೋಡೋಣ.

## ರಾಜಕೀಯ ಹಿಂಸೆ ಅಂದರೆ ಯಾವುದು?

ಅಧಿಕಾರ, ಕಾನೂನು, ಚುನಾವಣೆ ಅಥವಾ ಒಂದು ಸಿದ್ಧಾಂತ, ಇದರಲ್ಲಿ ಯಾವುದನ್ನೋ ಬದಲಿಸಬೇಕು ಅಥವಾ ಉಳಿಸಬೇಕು ಅಂತ ಜನರ ಮೇಲೆ ಕೈ ಮಾಡುವುದು ರಾಜಕೀಯ ಹಿಂಸೆ. ಕೊಲೆ, ಬಾಂಬು, ಗಲಭೆ ಎಲ್ಲವೂ ಇದರೊಳಗೆ ಬರುತ್ತವೆ. ಬೆದರಿಕೆಯನ್ನೂ ಸೇರಿಸಬೇಕು ಅನ್ನುವವರಿದ್ದಾರೆ. ಸರ್ಕಾರವೇ ಪೊಲೀಸರಿಂದ ಮಾಡಿಸುವ ದೌರ್ಜನ್ಯವನ್ನೂ ಎಣಿಸಬೇಕು ಅನ್ನುವವರಿದ್ದಾರೆ.

ಇಲ್ಲಿ ಮುಖ್ಯವಾದುದು ಉದ್ದೇಶ. ಏಟು ತಿಂದವರು ರಾಜಕಾರಣಿ ಆಗಿದ್ದರೆ ಸಾಲದು. 1981ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡು ಹಾರಿಸಿದವನಿಗೆ ರಾಜಕೀಯ ಬೇಕಿರಲಿಲ್ಲ, ಒಬ್ಬ ಸಿನಿಮಾ ನಟಿಯ ಗಮನ ಸೆಳೆಯಬೇಕಿತ್ತು. 2016ರಲ್ಲಿ ಬ್ರಿಟನ್ ಸಂಸದೆ ಜೋ ಕಾಕ್ಸ್, 2021ರಲ್ಲಿ ಸಂಸದ ಡೇವಿಡ್ ಏಮೆಸ್, ಇಬ್ಬರೂ ತಮ್ಮ ಕ್ಷೇತ್ರದ ಜನರನ್ನು ಭೇಟಿ ಮಾಡಲು ಹೋದಲ್ಲೇ ಕೊಲೆಯಾದರು. ಮೊದಲನೆಯ ಕೊಲೆಗಾರ ಕಟ್ಟಾ ಬಲಪಂಥೀಯ, ಎರಡನೆಯವನು ಇಸ್ಲಾಮಿಕ್ ಸ್ಟೇಟ್ ಬೆಂಬಲಿಗ. ಈ ಎರಡರಲ್ಲಿ ಗೊಂದಲವಿಲ್ಲ. ಆದರೆ ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆ ಪ್ರಕರಣ ತಗೊಳ್ಳಿ. 2022ರ ಜುಲೈ 8ರಂದು ಅವರನ್ನು ಕೊಂದವನಿಗೆ ಸಿಟ್ಟಿದ್ದದ್ದು ಒಂದು ಧಾರ್ಮಿಕ ಸಂಸ್ಥೆಯ ಮೇಲೆ. ಅವನ ತಾಯಿ ಆ ಸಂಸ್ಥೆಗೆ ಹಣ ಸುರಿದು ಮನೆ ದಿವಾಳಿ ಆಗಿತ್ತು, ಅಬೆಗೆ ಅದರ ಜೊತೆ ನಂಟಿದೆ ಅಂತ ಅವನು ನಂಬಿದ್ದ. ಇದು ರಾಜಕೀಯವೋ, ಮನೆಯ ಸಂಕಟವೋ? ಎರಡೂ ಕಡೆಗೆ ವಾದ ಹೂಡಬಹುದು.

ಹೀಗೆ ಗೆರೆ ಮಸುಕಾಗಿರುವ ಜಾಗದಲ್ಲೇ ಎರಡನೇ ಅಳತೆಗೋಲು ಹೊರಬರುತ್ತದೆ. ಹೊಡೆದವನು ನಮ್ಮವನಾದರೆ 'ಅವನಿಗೆ ತಲೆ ಸರಿ ಇರಲಿಲ್ಲ, ರಾಜಕೀಯ ತರಬೇಡಿ' ಅನ್ನುತ್ತೇವೆ. ಎದುರಿನವನಾದರೆ ಅವನು ಯಾವತ್ತೋ ಒಂದು ಪೋಸ್ಟಿಗೆ ಒತ್ತಿದ ಲೈಕ್ ಕೂಡ ಸಾಕ್ಷಿ.

2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಡೊನಾಲ್ಡ್ ಟ್ರಂಪ್ ಮೇಲೆ ಗುಂಡು ಹಾರಿಸಿದ 20 ವರ್ಷದ ಯುವಕ ಮತದಾರರ ಪಟ್ಟಿಯಲ್ಲಿ ರಿಪಬ್ಲಿಕನ್ ಅಂತ ಹೆಸರು ಬರೆಸಿದ್ದ. ಡೆಮಾಕ್ರಟ್ ಪರ ಕೆಲಸ ಮಾಡುವ ಒಂದು ಗುಂಪಿಗೆ ಹಿಂದೊಮ್ಮೆ 15 ಡಾಲರ್ ಕೊಟ್ಟಿದ್ದ. ಒಂದು ಕಡೆಯವರು ಮೊದಲ ಕಾಗದ ಎತ್ತಿ ಹಿಡಿದರು, ಇನ್ನೊಂದು ಕಡೆಯವರು ಎರಡನೆಯದನ್ನು. ಎರಡೂ ಒಬ್ಬನದೇ ಕಾಗದಗಳು!

## ಎರಡು ಅಳತೆಗೋಲು ಯಾವುದು, ಯಾವುದು ಅಲ್ಲ

ಇಬ್ಬಗೆ ನೀತಿ ಅಂದರೆ ಅದೇ ಕೃತ್ಯವನ್ನು ಮಾಡಿದವರು ಯಾರು ಅಂತ ನೋಡಿ ಬೇರೆ ಬೇರೆಯಾಗಿ ತೂಗುವುದು. ತಕ್ಕಡಿಯವನು ನೆಂಟರಿಗೆ ಒಂದು ಬಟ್ಟು, ಬೇರೆಯವರಿಗೆ ಇನ್ನೊಂದು ಬಟ್ಟು ಇಟ್ಟ ಹಾಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಸ್ವಲ್ಪ ನಿಂತು ಹೇಳಬೇಕು. ಎರಡು ಘಟನೆಗಳಿಗೆ ಬೇರೆ ಬೇರೆ ಪ್ರತಿಕ್ರಿಯೆ ಬಂದರೆ ಅದೆಲ್ಲ ಇಬ್ಬಗೆ ನೀತಿ ಆಗುವುದಿಲ್ಲ. ಕಿಟಕಿ ಗಾಜು ಒಡೆಯುವುದೂ ಮನುಷ್ಯನನ್ನು ಕೊಲ್ಲುವುದೂ ಒಂದೇ ಅಲ್ಲ, ಅಲ್ವಾ? ಒಂದು ದೇಶದಲ್ಲಿ, ಒಂದು ಕಾಲದಲ್ಲಿ ಒಂದು ಕಡೆಯವರು ಹೆಚ್ಚು ಹಿಂಸೆ ಮಾಡಿರಬಹುದು. ಹಾಗಂತ ಹೇಳುವುದು ಪಕ್ಷಪಾತವಲ್ಲ, ಎರಡೂ ಕಡೆಯನ್ನು ಒಂದೇ ನಿಯಮದಲ್ಲಿ ಎಣಿಸಿದ್ದರೆ ಸಾಕು. 'ಎಲ್ಲರೂ ಅಷ್ಟೇ ಬಿಡಿ' ಅಂತ ಎರಡೂ ತಟ್ಟೆಗೆ ಸಮ ಸಮ ಹಾಕಿಬಿಡುವುದು ನೋಡಲು ನ್ಯಾಯದ ಹಾಗಿದೆ, ಆದರೆ ತೂಗದೆಯೇ ಕೊಟ್ಟ ಲೆಕ್ಕ ಅದು. ನನಗಂತೂ ಪಕ್ಷಪಾತಕ್ಕಿಂತ ಈ ಸೋಮಾರಿತನವೇ ಜಾಸ್ತಿ ಕಣ್ಣಿಗೆ ಬೀಳುತ್ತದೆ.

ಇಬ್ಬಗೆ ನೀತಿ ಮೊದಲು ಪದಗಳಲ್ಲಿ ಗೊತ್ತಾಗುತ್ತದೆ. ನಮ್ಮವರದು 'ಆಕ್ರೋಶ', ಅವರದು 'ದೊಂಬಿ'. ನಮ್ಮವನು 'ದಾರಿ ತಪ್ಪಿದ ಹುಡುಗ', ಅವರವನು 'ಆ ಜನರೇ ಹಾಗೆ' ಅನ್ನುವುದಕ್ಕೆ ಉದಾಹರಣೆ. ಈ ಕೊನೆಯದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಪೆಟಿಗ್ರೂ 1979ರಲ್ಲೇ ವಿವರಿಸಿದ್ದರು: ನಮ್ಮ ಗುಂಪಿನವನು ಕೆಟ್ಟದು ಮಾಡಿದರೆ ಪರಿಸ್ಥಿತಿಯನ್ನು ದೂರುತ್ತೇವೆ, ಬೇರೆ ಗುಂಪಿನವನು ಮಾಡಿದರೆ ಅವರ ಹುಟ್ಟುಗುಣವನ್ನು ದೂರುತ್ತೇವೆ. ಅವರವನು ಒಳ್ಳೆಯದು ಮಾಡಿದರೆ ಮಾತ್ರ ಅದು 'ಏನೋ ಅಪರೂಪಕ್ಕೆ'.

## ಬೇಕಂತಲೇ ಮಾಡುತ್ತಾರಾ?

ಹೆಚ್ಚಿನವರು ಇಲ್ಲ. ಕೆಲವು ನಾಯಕರು, ವಕ್ತಾರರು ಬೇಕಂತಲೇ ಮಾಡುತ್ತಾರೆ, ಅದು ಅವರ ಉದ್ಯೋಗ. ಉಳಿದವರಿಗೆ ತಾವು ಎರಡು ಬಟ್ಟು ಇಟ್ಟುಕೊಂಡಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ. ಯಾಕಂದರೆ ತೀರ್ಪು ಕೊಡುವ ಮೊದಲೇ, ನೋಡುವಾಗಲೇ ವ್ಯತ್ಯಾಸ ಆಗಿಬಿಟ್ಟಿರುತ್ತದೆ.

1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿಶ್ವವಿದ್ಯಾಲಯಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯಿತು, ಆ ದೇಶದ ಶೈಲಿಯ ಒರಟು ಫುಟ್‌ಬಾಲ್. ಪ್ರಿನ್ಸ್‌ಟನ್‌ನ ಮುಖ್ಯ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್‌ನ ಒಬ್ಬನ ಕಾಲು ಮುರಿಯಿತು. ಆಮೇಲೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಅನ್ನುವ ಇಬ್ಬರು ಸಂಶೋಧಕರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಆ ಪಂದ್ಯದ ಒಂದೇ ಫಿಲ್ಮ್ ತೋರಿಸಿ, ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡಿದ್ದಕ್ಕಿಂತ ಎರಡು ಪಟ್ಟು ಹೆಚ್ಚು ಪ್ರಿನ್ಸ್‌ಟನ್‌ನವರಿಗೆ ಕಂಡವು. ಇನ್ನೂ ಮಜಾ ಇದೆ. ಫಿಲ್ಮ್ ನೋಡಿದ ಡಾರ್ಟ್‌ಮತ್‌ನ ಹಳೇ ವಿದ್ಯಾರ್ಥಿಯೊಬ್ಬ, ಜನ ಹೇಳುತ್ತಿದ್ದ ತಪ್ಪುಗಳು ತನಗೆ ಕಾಣಲೇ ಇಲ್ಲವಲ್ಲ ಅಂತ, ಯಾರೋ ಮುಖ್ಯ ಭಾಗ ಕತ್ತರಿಸಿದ್ದಾರೆ, ಉಳಿದ ಫಿಲ್ಮ್ ಕಳಿಸಿಕೊಡಿ ಅಂತ ಟೆಲಿಗ್ರಾಂ ಕೊಟ್ಟ!

ಅದು ಆಟ ಅನ್ನಬಹುದು. 2012ರಲ್ಲಿ ಕಾನೂನು ಪ್ರಾಧ್ಯಾಪಕ ಡ್ಯಾನ್ ಕಹಾನ್ ಮತ್ತು ಅವರ ಜೊತೆಗಾರರು ಅದನ್ನೇ ರಾಜಕೀಯಕ್ಕೆ ತಂದರು. ಪೊಲೀಸರು ಚದುರಿಸಿದ ಒಂದು ಪ್ರತಿಭಟನೆಯ ವಿಡಿಯೋ. ಅರ್ಧ ಜನರಿಗೆ 'ಇವರು ಗರ್ಭಪಾತದ ಕ್ಲಿನಿಕ್ ಎದುರು ಪ್ರತಿಭಟಿಸುತ್ತಿರುವವರು' ಅಂದರು. ಇನ್ನರ್ಧ ಜನರಿಗೆ 'ಸಲಿಂಗಿಗಳ ಬಗೆಗಿನ ಸೇನೆಯ ನಿಯಮದ ವಿರುದ್ಧ, ಸೇನೆಗೆ ಜನ ಸೇರಿಸಿಕೊಳ್ಳುವ ಕೇಂದ್ರದ ಎದುರು ಪ್ರತಿಭಟಿಸುತ್ತಿರುವವರು' ಅಂದರು. ಪ್ರಶ್ನೆ ಅಭಿಪ್ರಾಯದ್ದಲ್ಲ, ಕಂಡದ್ದರ ಬಗ್ಗೆ: ಇವರು ದಾರಿ ತಡೆದರಾ? ಬೆದರಿಸಿದರಾ? ತಮ್ಮ ಮನಸ್ಸಿಗೆ ಹತ್ತಿರದ ಪ್ರತಿಭಟನೆ ಅಂದುಕೊಂಡವರಿಗೆ ಬರೀ ಘೋಷಣೆ ಕಂಡಿತು. ಆಗದವರ ಪ್ರತಿಭಟನೆ ಅಂದುಕೊಂಡವರಿಗೆ ತಳ್ಳಾಟ, ಬೆದರಿಕೆ ಕಂಡಿತು.

ಹಾಗಾಗಿ 'ವಿಡಿಯೋ ಇದೆ, ನೀವೇ ನೋಡಿ' ಅನ್ನುವ ಮಾತಿನಿಂದ ಜಗಳ ಮುಗಿಯುವುದಿಲ್ಲ. ನೋಡಿದ ಮೇಲೂ ಮುಗಿಯುವುದಿಲ್ಲ.

ಇನ್ನೊಂದು ಪ್ರಯೋಗ, ಚಿಕ್ಕದಾಗಿ. 2003ರಲ್ಲಿ ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ ಜನರಿಗೆ ಬಡವರ ನೆರವಿನ ಯೋಜನೆಯೊಂದನ್ನು ಓದಿಸಿದರು. ನಿಮ್ಮ ಪಕ್ಷ ಇದರ ಪರ ಇದೆ ಅಂದರೆ ಜನ ಪರ, ವಿರುದ್ಧ ಇದೆ ಅಂದರೆ ವಿರುದ್ಧ, ಯೋಜನೆಯಲ್ಲಿ ಏನೇ ಇರಲಿ. ಪಕ್ಷದ ಮಾತು ನಿಮ್ಮ ಮೇಲೆ ಪರಿಣಾಮ ಬೀರಿತಾ ಅಂತ ಕೇಳಿದರೆ, ಇಲ್ಲಪ್ಪ, ಬೇರೆಯವರ ಮೇಲೆ ಬೀರಿರಬಹುದು ಅಂದರು.

## ಆತುರದ ಮೊದಲ ಕಥೆ

1969ರ ಡಿಸೆಂಬರ್ 12ರಂದು ಇಟಲಿಯ ಮಿಲಾನ್ ನಗರದ ಪಿಯಾಝಾ ಫೊಂತಾನಾದ ಒಂದು ಬ್ಯಾಂಕಿನಲ್ಲಿ ಬಾಂಬು ಸಿಡಿದು 17 ಜನ ಸತ್ತರು. ಪೊಲೀಸರು ತಕ್ಷಣ ಅರಾಜಕತಾವಾದಿಗಳ, ಅಂದರೆ ಸರ್ಕಾರವೇ ಬೇಡ ಅನ್ನುವ ಎಡಪಂಥೀಯರ ಬೆನ್ನು ಹತ್ತಿದರು. ಅವರಲ್ಲೊಬ್ಬ ರೈಲ್ವೆ ಕೆಲಸಗಾರ ಜಿಯುಸೆಪ್ಪೆ ಪಿನೆಲ್ಲಿ, ಮೂರು ದಿನಗಳ ನಂತರ ಪೊಲೀಸ್ ಕಚೇರಿಯ ಕಿಟಕಿಯಿಂದ ಬಿದ್ದು ಸತ್ತ. ಬಾಂಬಿಗೂ ಅವನಿಗೂ ಸಂಬಂಧ ಇರಲಿಲ್ಲ. ಅದು ಕಟ್ಟಾ ಬಲಪಂಥೀಯರಾದ ನವ ಫ್ಯಾಸಿಸ್ಟ್ ಗುಂಪಿನ ಕೆಲಸ ಅಂತ ನ್ಯಾಯಾಲಯ ಖಚಿತವಾಗಿ ಹೇಳುವಷ್ಟರಲ್ಲಿ ಮೂರು ದಶಕ ಕಳೆದಿತ್ತು.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. 2011ರಲ್ಲಿ ಅರಿಝೋನಾದ ಡೆಮಾಕ್ರಟಿಕ್ ಸಂಸದೆ ಗ್ಯಾಬಿ ಗಿಫರ್ಡ್ಸ್ ಮೇಲೆ ಗುಂಡಿನ ದಾಳಿ ಆಯಿತು, ಆರು ಜನ ಸತ್ತರು. ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಅವರ ಪ್ರಚಾರ ತಂಡ ಮೊದಲೇ ಒಂದು ನಕ್ಷೆಯ ಮೇಲೆ ಬಂದೂಕಿನ ಗುರಿಯಂಥ ಗುರುತು ಹಾಕಿತ್ತು, ಹಾಗಾಗಿ ಬೆರಳು ಅತ್ತ ಹೋಯಿತು. ದಾಳಿಕೋರ ಆ ನಕ್ಷೆ ನೋಡಿದ್ದ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆದರೂ 2017ರಲ್ಲಿ, ಈ ಸಲ ರಿಪಬ್ಲಿಕನ್ ಸಂಸದರ ಮೇಲೆ ಗುಂಡು ಹಾರಿದಾಗ, ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯದಲ್ಲಿ ಹಳೇ ನಂಟನ್ನು ಮತ್ತೆ ಬರೆದು, ಮರುದಿನ ತಿದ್ದುಪಡಿ ಹಾಕಿತು. ಪೇಲಿನ್ ಮೊಕದ್ದಮೆ ಹೂಡಿದರು. ಎರಡು ಸಲ ವಿಚಾರಣೆ ನಡೆದು, ಎರಡರಲ್ಲೂ ಪತ್ರಿಕೆಯೇ ಗೆದ್ದಿತು, ಯಾಕಂದರೆ ತಪ್ಪು ಬರೆಯುವುದು ಬೇರೆ, ಸುಳ್ಳು ಅಂತ ಗೊತ್ತಿದ್ದೂ ಬರೆಯುವುದು ಬೇರೆ ಅನ್ನುವುದು ಅಲ್ಲಿನ ಕಾನೂನು. ಆರು ವರ್ಷದ ಹಿಂದೆ ಕೇಳಿದ ಮೊದಲ ಕಥೆ ತಲೆಯಲ್ಲಿ ಹಾಗೇ ಕೂತಿತ್ತು ನೋಡಿ.

## 'ಆಗ ಎಲ್ಲಿ ಹೋಗಿದ್ರಿ?'

ಯಾವ ಹಿಂಸೆಯನ್ನೇ ಖಂಡಿಸಿ, ಈ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ವಾಟ್‌ಅಬೌಟರಿ ಅಂತ ಹೆಸರು. ಉತ್ತರ ಐರ್ಲೆಂಡಿನ ಹಿಂಸೆಯ ದಿನಗಳಲ್ಲಿ, 1974ರಲ್ಲಿ, ಐರಿಷ್ ಟೈಮ್ಸ್ ಪತ್ರಿಕೆಗೆ ಬಂದ ಓದುಗರ ಪತ್ರವೊಂದು ಇಂಥವರನ್ನು ಗುರುತಿಸಿ ಬೈದಿತ್ತು: ಒಂದು ಕಡೆಯ ಕೊಲೆಯ ಬಗ್ಗೆ ಮಾತೆತ್ತಿದರೆ ಸಾಕು, ಅವರು ಇನ್ನೊಂದು ಕಡೆಯ ಹಳೇ ಕೊಲೆಯನ್ನು ತಂದು ಮುಂದಿಡುತ್ತಾರೆ.

ಆದರೆ ಈ ಪ್ರಶ್ನೆ ಯಾವಾಗಲೂ ಕಳ್ಳ ಪ್ರಶ್ನೆ ಅಲ್ಲ. ಕೇಳಿದವರು ಮೊದಲು 'ಇದು ತಪ್ಪು' ಅಂದು, ಆಮೇಲೆ 'ಅದೂ ತಪ್ಪಾಗಿತ್ತು, ಆಗ ಯಾಕೆ ಸುಮ್ಮನಿದ್ರಿ' ಅಂದರೆ ಅವರು ಅಳತೆಗೋಲನ್ನೇ ಪರೀಕ್ಷಿಸುತ್ತಿದ್ದಾರೆ, ಅದಕ್ಕೆ ಉತ್ತರ ಕೊಡಬೇಕು. ಮೊದಲ ಅರ್ಧ ಹೇಳದೆ ಬರೀ ಎರಡನೇ ಅರ್ಧ ಹೇಳಿದರೆ, ಈಗ ಬಿದ್ದಿರುವ ಹೆಣದಿಂದ ಕಣ್ಣು ತಿರುಗಿಸುವ ಕೆಲಸ ಅದು.

## ಹಿಂಸೆ ಮಾಡುವವನಿಗೆ ಇದರಿಂದ ಸಿಗುವುದೇನು?

ಮಾತಿನಲ್ಲಿ ಪಕ್ಷಪಾತ ಮಾಡಿದರೆ ಏನು ನಷ್ಟ ಅಂತ ಕೇಳಬಹುದು. ಮತ್ತೆ ಇಟಲಿಗೆ ಹೋಗೋಣ. 1970ರ ದಶಕದಲ್ಲಿ ರೆಡ್ ಬ್ರಿಗೇಡ್ಸ್ ಅನ್ನುವ ಎಡಪಂಥೀಯ ಸಶಸ್ತ್ರ ಗುಂಪು ಅಪಹರಣ, ಕೊಲೆ ಮಾಡುತ್ತಿತ್ತು. ಎಡಪಂಥದ ಹಲವರು ಅವರನ್ನು ಕರೆಯುತ್ತಿದ್ದದ್ದು 'ತಪ್ಪು ಮಾಡುತ್ತಿರುವ ಸಂಗಾತಿಗಳು' ಅಂತ. ದಾರಿ ಸರಿಯಿಲ್ಲ, ಆದರೆ ನಮ್ಮವರೇ ಅನ್ನುವ ಅರ್ಥ. ಗುಂಪಿಗೆ ಬೇಕಿದ್ದದ್ದು ಅಷ್ಟೇ. ಯಾರೂ ಚಪ್ಪಾಳೆ ತಟ್ಟಬೇಕಿರಲಿಲ್ಲ, ಕಂಡದ್ದನ್ನು ಹೇಳದೆ ಇದ್ದರೆ ಸಾಕಿತ್ತು.

ಜಿನೋವಾದ ಉಕ್ಕಿನ ಕಾರ್ಖಾನೆಯಲ್ಲಿ ಗ್ವಿಡೊ ರೊಸ್ಸಾ ಅನ್ನುವ ಕಾರ್ಮಿಕ ಇದ್ದ. ಕಮ್ಯುನಿಸ್ಟ್ ಪಕ್ಷದವನು, ಕಾರ್ಮಿಕ ಸಂಘದ ಪ್ರತಿನಿಧಿ. ಕಾರ್ಖಾನೆಯೊಳಗೆ ಬ್ರಿಗೇಡಿನ ಕರಪತ್ರ ಹಂಚುತ್ತಿದ್ದವನ ವಿರುದ್ಧ 1978ರಲ್ಲಿ ಸಾಕ್ಷಿ ಹೇಳಿದ, ಒಬ್ಬನೇ. 1979ರ ಜನವರಿ 24ರಂದು ಬ್ರಿಗೇಡಿನವರು ಅವನನ್ನು ಕೊಂದರು. ಅಂತ್ಯಕ್ರಿಯೆಗೆ ದೇಶದ ಅಧ್ಯಕ್ಷ ಸ್ಯಾಂಡ್ರೊ ಪೆರ್ತಿನಿ ಬಂದರು, ಕಾರ್ಮಿಕರು ಕಿಕ್ಕಿರಿದು ಸೇರಿದರು. ಅಲ್ಲಿಂದ ಕಾರ್ಖಾನೆಗಳಲ್ಲಿ ಬ್ರಿಗೇಡಿಗೆ ಇದ್ದ ಮೆದು ಮನಸ್ಸು ಕರಗುತ್ತಾ ಹೋಯಿತು. ಹಿಂದಿನ ವರ್ಷ ಮಾಜಿ ಪ್ರಧಾನಿ ಅಲ್ದೊ ಮೊರೊ ಅವರನ್ನು 55 ದಿನ ಸೆರೆಯಿಟ್ಟು ಕೊಂದಾಗಲೂ 'ಸಂಗಾತಿಗಳು' ಅನ್ನುವ ಪದ ಪೂರ್ತಿ ಸತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ, ಹೆದರಿಕೆಯದು. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದ್ದು ಹೀಗೆ: ಎದುರು ಪಕ್ಷದವರಲ್ಲಿ ಎಷ್ಟು ಜನ ಹಿಂಸೆಯ ಪರ ಇದ್ದಾರೆ ಅಂತ ಕೇಳಿದರೆ ಎರಡೂ ಪಕ್ಷದವರು ನಿಜಕ್ಕಿಂತ ತುಂಬಾ ಜಾಸ್ತಿ ಊಹಿಸುತ್ತಾರೆ. ನಿಜವಾದ ಅಂಕಿ ತೋರಿಸಿದ ಮೇಲೆ ಅವರು ತಮ್ಮ ಕಡೆಯ ಹಿಂಸೆಗೆ ಕೊಡುತ್ತಿದ್ದ ಬೆಂಬಲವೂ ಇಳಿಯಿತು. 'ಅವರು ಹೇಗೂ ಹೊಡೆಯುತ್ತಾರೆ' ಅನ್ನುವ ನಂಬಿಕೆಯೇ 'ನಾವೂ ಸಿದ್ಧವಾಗಿರಬೇಕು' ಅನ್ನಿಸುತ್ತದೆ. ಎದುರಿನವರ ಒಬ್ಬ ಪುಂಡನನ್ನು ಇಡೀ ಗುಂಪಿನ ಮುಖ ಮಾಡಿ ತೋರಿಸುವುದು ಆ ನಂಬಿಕೆಗೆ ದಿನಾ ಎಣ್ಣೆ ಹೊಯ್ಯುತ್ತದೆ.

## ತಮ್ಮವರಿಗೇ ಅಳತೆಗೋಲು ಹಿಡಿದರೆ

ಬೆಲೆ ತೆರಬೇಕಾಗುತ್ತದೆ, ರೊಸ್ಸಾ ತೆತ್ತ ಹಾಗೆ. 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ರೊಚ್ಚಿಗೆದ್ದ ಜನ ಠಾಣೆಗೆ ಬೆಂಕಿ ಹಚ್ಚಿ 20ಕ್ಕೂ ಹೆಚ್ಚು ಪೊಲೀಸರನ್ನು ಕೊಂದರು. 'ಮೊದಲು ಅವರೇ ಹೊಡೆದರು' ಅನ್ನುವ ವಾದ ಸಿದ್ಧವಾಗಿಯೇ ಇತ್ತು, ಅದು ಸುಳ್ಳೂ ಆಗಿರಲಿಲ್ಲ. ಗಾಂಧೀಜಿ ಅದನ್ನು ಬಳಸಲಿಲ್ಲ. ಅಸಹಕಾರ ಚಳವಳಿಯನ್ನೇ ನಿಲ್ಲಿಸಿ, ಐದು ದಿನ ಉಪವಾಸ ಕೂತರು. ಜೈಲಿನಲ್ಲಿದ್ದ ನೆಹರೂ ಸೇರಿ ಜೊತೆಗಾರರೇ ಬೇಸರಪಟ್ಟುಕೊಂಡರು. ಆ ನಿರ್ಧಾರ ಸರಿಯಿತ್ತೇ ಅಂತ ಇವತ್ತಿಗೂ ಚರ್ಚೆ ನಡೆಯುತ್ತದೆ. ಅಳತೆಗೋಲು ಒಂದೇ ಇತ್ತು ಅನ್ನುವುದರ ಬಗ್ಗೆ ಮಾತ್ರ ತಕರಾರಿಲ್ಲ.

ನಮ್ಮ ಮಟ್ಟಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಸುದ್ದಿ ಓದುವಾಗ ಹೆಸರುಗಳನ್ನು ಅದಲು ಬದಲು ಮಾಡಿ ನೋಡಿ. ಹೊಡೆದವನು ನಮ್ಮವನು, ಸತ್ತವನು ಅವರವನು ಅಂದುಕೊಂಡು ಅದೇ ಸಾಲನ್ನು ಮತ್ತೆ ಓದಿ. ಬರೆಯಲು ಹೊರಟಿದ್ದ ಮಾತು ಹಾಗೇ ಉಳಿದರೆ ಬರೆಯಿರಿ. ನನಗೆ ಎಷ್ಟೋ ಸಲ ಉಳಿದಿಲ್ಲ.

## ಎಣಿಸಿದ ಮನುಷ್ಯ

ದೇಶದ ಮಟ್ಟದಲ್ಲಿ ಇದೇ ಪರೀಕ್ಷೆ ಮಾಡಿದವನು ಜರ್ಮನಿಯ ಗಣಿತಜ್ಞ ಎಮಿಲ್ ಗುಂಬೆಲ್. ಮೊದಲ ಮಹಾಯುದ್ಧ ಸೋತ ಜರ್ಮನಿಯಲ್ಲಿ ರಾಜಕೀಯ ಕೊಲೆಗಳು ಸಾಲುಸಾಲಾಗಿ ನಡೆಯುತ್ತಿದ್ದವು. ಗುಂಬೆಲ್ ಸ್ವತಃ ಎಡಪಂಥೀಯ, ಯುದ್ಧ ವಿರೋಧಿ. ಆದರೆ ಭಾಷಣ ಮಾಡುವ ಬದಲು ಪಟ್ಟಿ ಮಾಡಿದ. ಎರಡೂ ಕಡೆಗೆ ಒಂದೇ ನಿಯಮ: ಯಾರು ಸತ್ತರು, ಯಾರು ಕೊಂದರು, ಶಿಕ್ಷೆ ಏನಾಯಿತು.

1922ರಲ್ಲಿ ಅವನು ಪ್ರಕಟಿಸಿದ ಲೆಕ್ಕ ಹೀಗಿತ್ತು. ನಾಲ್ಕು ವರ್ಷಗಳಲ್ಲಿ ಬಲಪಂಥೀಯರು ಮಾಡಿದ ಕೊಲೆ 354. ಎಡಪಂಥೀಯರು ಮಾಡಿದ್ದು 22. ಬಲಪಂಥೀಯರ 354ರಲ್ಲಿ 326ಕ್ಕೆ ಶಿಕ್ಷೆಯೇ ಇಲ್ಲ. ಎಡಪಂಥೀಯರ 22ರಲ್ಲಿ ಶಿಕ್ಷೆ ಆಗದೆ ಉಳಿದದ್ದು 4, ಮರಣದಂಡನೆ 10. ಒಂದು ಕೊಲೆಗೆ ಸರಾಸರಿ ಜೈಲು ಬಲಪಂಥೀಯರಿಗೆ 4 ತಿಂಗಳು, ಎಡಪಂಥೀಯರಿಗೆ 15 ವರ್ಷ. ನ್ಯಾಯಾಧೀಶರಲ್ಲಿ ಹೆಚ್ಚಿನವರು ಚಕ್ರವರ್ತಿಯ ಕಾಲದಿಂದ ಕುರ್ಚಿಯಲ್ಲಿ ಹಾಗೇ ಉಳಿದವರು. ಬಲಪಂಥೀಯರು ಅವರ ಕಣ್ಣಿಗೆ 'ದೇಶಪ್ರೇಮದಿಂದ ದಾರಿ ತಪ್ಪಿದವರು'.

ನ್ಯಾಯ ಇಲಾಖೆ ಅವನ ಪಟ್ಟಿಯನ್ನು ಪರಿಶೀಲಿಸಿತು. ಲೆಕ್ಕ ಬಹುಪಾಲು ಸರಿಯೇ ಇತ್ತು. ಆ ವರದಿಯನ್ನು ಇಲಾಖೆ ಅಚ್ಚು ಹಾಕಿಸಲಿಲ್ಲ, 1924ರಲ್ಲಿ ಗುಂಬೆಲ್ ತಾನೇ ಹಾಕಿಸಿದ. ಅದೇ ವರ್ಷ, ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿ ನಾಲ್ವರು ಪೊಲೀಸರ ಸಾವಿಗೆ ಕಾರಣನಾದ ಹಿಟ್ಲರನಿಗೆ ನ್ಯಾಯಾಲಯ 5 ವರ್ಷ ಶಿಕ್ಷೆ ಕೊಟ್ಟಿತು. ಡಿಸೆಂಬರಿನಲ್ಲೇ ಅವನು ಹೊರಗೆ ಬಂದ.

1932ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಗುಂಬೆಲ್‌ನನ್ನು ಕೆಲಸದಿಂದ ತೆಗೆಯಿತು. ಮರುವರ್ಷ ನಾಜಿಗಳು ಅವನ ಪುಸ್ತಕ ಸುಟ್ಟು, ಪೌರತ್ವ ಕಿತ್ತುಕೊಂಡರು. ಅವನು ಫ್ರಾನ್ಸಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ ಗಣಿತಕ್ಕೆ ಮರಳಿದ. ಅಪರೂಪಕ್ಕೆ ಬರುವ ಅತಿ ದೊಡ್ಡ ಘಟನೆಗಳನ್ನು ಅಂದಾಜು ಮಾಡುವ ಒಂದು ಸೂತ್ರಕ್ಕೆ ಇವತ್ತು ಅವನ ಹೆಸರೇ ಇದೆ. ನದಿಗೆ ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಷ್ಟು ಎತ್ತರ ಏರಬಹುದು ಅಂತ ಎಂಜಿನಿಯರುಗಳು ಅದರಿಂದ ಲೆಕ್ಕ ಹಾಕುತ್ತಾರೆ.